ಮೇಷ್ಟ್ರ ತಗಡಿನ ಪೆಟ್ಟಿಗೆ ಮತ್ತೆ ತೆಗೆಯೋದು ಹೇಗೆ?

ತುಂಗೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹಳೇ ಪೇಟೆ ಕಡೆಯ ಒಂದು ಕೇರಿಯಿಂದ ಬರೀತಿರೋದು. ಇಲ್ಲಿ ವರ್ಷಾನುಗಟ್ಟಲೆ ಸಂಜೆ ಪಾಠ ನಡೆಸಿದ ಹಿರಿಯರೊಬ್ಬರು ತೀರಿಹೋಗಿ ವರ್ಷ ತುಂಬ್ತಾ ಬಂತು. ವೃತ್ತಿಯಲ್ಲಿ ಮೇಷ್ಟ್ರಲ್ಲ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಕೇರಿಗೆ ಮಾತ್ರ ಮೇಷ್ಟ್ರೇ. ಶಾಲೆ ಬಿಟ್ಟು ಗ್ಯಾರೇಜು, ಅಡಿಕೆ ಮಂಡಿ, ವೆಲ್ಡಿಂಗ್ ಅಂಗಡಿ, ಹೋಟೆಲು, ಗಾರೆ ಕೆಲಸ ಅಂತ ಸೇರಿಕೊಂಡ 14ರಿಂದ 22 ವಯಸ್ಸಿನ ಹುಡುಗ ಹುಡುಗೀರಿಗೆ ಓದೋದು ಕಲಿಸ್ತಿದ್ರು. ಹೆಸರು ಹಾಕಬೇಡಿ ಅಂತ ಮನೆಯವರ ಕೋರಿಕೆ, ಹಾಗಾಗಿ ಇಲ್ಲಿ ಬರೀ ಮೇಷ್ಟ್ರು.

ನೆನಪಿಗೆ ಏನಾದ್ರೂ ಮಾಡೋಣ ಅಂತ ಕೇರಿಯಲ್ಲಿ 64,000 ರೂಪಾಯಿ ಕೂಡಿದೆ. ಸರ್ಕಲ್ಲಿನಲ್ಲಿ ಎದೆಮಟ್ಟದ ಪ್ರತಿಮೆ ಅನ್ನೋರು ಒಂದಷ್ಟು ಜನ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ವರ್ಷಕ್ಕೊಂದು ಬಹುಮಾನ ಅನ್ನೋರು ಒಂದಷ್ಟು. ಪಾಠವನ್ನೇ ಮತ್ತೆ ಶುರು ಮಾಡಿ ಅನ್ನೋರು ನಾಲ್ಕೇ ಜನ. ಆ ನಾಲ್ವರ ಕೈಗೆ ಮನೆಯವರು ಮೇಷ್ಟ್ರ ತಗಡಿನ ಪೆಟ್ಟಿಗೆ ಕೊಟ್ಟಿದ್ದಾರೆ. ತೊಂದರೆ ಏನಂದ್ರೆ, ಅದನ್ನ ಬಳಸೋ ಕ್ರಮ ಯಾರಿಗೂ ಗೊತ್ತಿಲ್ಲ. ಒಳಗಿರೋದು ಇಷ್ಟು:

ದಾರ ಕಟ್ಟಿದ ರಟ್ಟಿನ ಕಾರ್ಡುಗಳ ಕಟ್ಟು. ಮೇಲಿನ ಹತ್ತಕ್ಕೆ ಮಾತ್ರ ಬಲಮೂಲೆ ಕತ್ತರಿಸಿದೆ: ರ ಗ ಸ ದ ಅ, ಜ ವ ಮ ಬ ನ. ಇನ್ನೊಂದು ಕಟ್ಟಿನಲ್ಲಿ ಬೆರಳಗಲದ ಚೂರುಗಳು, ಅವುಗಳ ಮೇಲೆ ಬರೀ ಒತ್ತು. ಅದರಲ್ಲಿ ಆರು ಕೆಂಪು ಮಸಿಯಲ್ಲಿವೆ, ಉಳಿದದ್ದು ಕಪ್ಪು. ಬಸ್ಸಿನ ಬೋರ್ಡಿನ ಹಾಗೆ ಏಳು ಉದ್ದ ಪಟ್ಟಿ. ಹಿಂದೆ ಅಂಕಿ ಹಾಕಿದ್ದಾರೆ: 1 ಸಾಗರ, 2 ಸೊರಬ, 3 ಹೊಸನಗರ, 4 ಶಿಕಾರಿಪುರ, 5 ಶಿವಮೊಗ್ಗ, 6 ಭದ್ರಾವತಿ, 7 ತೀರ್ಥಹಳ್ಳಿ. ಇದು ಯಾವ ರೂಟು ಅಂತ ಯಾರಿಗೂ ಹೊಳೀತಿಲ್ಲ. ಒಂದು ಲಕೋಟೆಯಲ್ಲಿ ಹಳೇ ಮಂಡಿ ಚೀಟಿಗಳು, ಕರೆಂಟ್ ಬಿಲ್ಲು, ರೇಷನ್ ಅಂಗಡಿ ದರಪಟ್ಟಿ. ಕೊನೆಗೊಂದು ನೋಟ್‌ಬುಕ್ಕು. ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ‘ಅ’, ‘ಪ’, ‘ವಾ’, ‘ಕ’ ಅಂತ ಒಂದೊಂದು ಗುರುತು, ಆಮೇಲೆ 22/6, 31/4, 38/3 ಈ ತರ ಅಂಕಿ.

ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಕೋಣೆ ಸಿಕ್ಕಿದೆ, 10 ಅಡಿಗೆ 14 ಅಡಿ, ಹಂಚಿನ ಮಾಡು, ಒಂದು ಗೋಡೆ ಮಳೆಗಾಲದಲ್ಲಿ ಒದ್ದೆ.


ಸೀಮೆಸುಣ್ಣ

ಮಾರಾಯ್ರೆ, ಅದು ರೂಟಲ್ಲ. ಜಿಲ್ಲೆಯ ಏಳು ತಾಲೂಕನ್ನ ಓದೋಕೆ ಎಷ್ಟು ಕಷ್ಟ ಅನ್ನೋ ಲೆಕ್ಕದಲ್ಲಿ ಜೋಡಿಸಿದ್ದಾರೆ. ಒಂದೊಂದೇ ನೋಡಿ. ‘ಸಾಗರ’ಕ್ಕೆ ಬೇಕಾದ್ದು ಇಳಿ ಒಂದೇ, ಉಳಿದ ಎರಡಕ್ಷರ ಮೊದಲ ಹತ್ತು ಕಾರ್ಡಿನಲ್ಲೇ ಇವೆ. ‘ಸೊರಬ’ದಲ್ಲಿ ಓತ್ವ ಬಂತು. ‘ಹೊಸನಗರ’ದಲ್ಲಿ ಅದೇ ಓತ್ವ ಹೊಸ ಅಕ್ಷರದ ಮೇಲೆ, ಪದ ಉದ್ದವಾಯ್ತು. ‘ಶಿಕಾರಿಪುರ’ದಲ್ಲಿ ಗುಡಿಸು, ಇಳಿ, ಕೊಂಬು ಮೂರೂ ಒಟ್ಟಿಗೆ. ಇಲ್ಲೀತನಕ ಒಂದೂ ಒತ್ತಿಲ್ಲ. ‘ಶಿವಮೊಗ್ಗ’ದಲ್ಲಿ ಮೊದಲ ಒತ್ತು, ಅದೂ ತನ್ನದೇ ಅಕ್ಷರದ ಒತ್ತು. ‘ಭದ್ರಾವತಿ’ಯಲ್ಲಿ ಬೇರೆ ಅಕ್ಷರದ ಒತ್ತು, ಜೊತೆಗೆ ಮಹಾಪ್ರಾಣ. ‘ತೀರ್ಥಹಳ್ಳಿ’ಯಲ್ಲಿ ಅರ್ಕಾವತ್ತು, ಮಹಾಪ್ರಾಣ, ದೀರ್ಘ, ಮತ್ತೊಂದು ಒತ್ತು, ಎಲ್ಲಾ ಒಟ್ಟಿಗೆ. ಈ ಏಳನ್ನ ತಡವರಿಸದೆ ಓದೋ ಹುಡುಗನಿಗೆ ಕನ್ನಡದ ಲಿಪಿ ಬಹುಪಾಲು ಕೈಗೆ ಬಂದ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಣ್ಣಿಗೆ ಬೀಳೋ ಹೆಸರಾದ್ದರಿಂದ ಪಾಠ ಬಿಟ್ಟು ಹೊರಗೆ ಬಂದ್ರೂ ಅಭ್ಯಾಸ ತಪ್ಪೋದಿಲ್ಲ.

ಮೂಲೆ ಕತ್ತರಿಸಿದ ಹತ್ತು ಕಾರ್ಡು ಮೊದಲ ಎರಡು ವಾರದ್ದು. ಸರ್ಕಾರಿ ಶಾಲೆ ಒಂದನೇ ತರಗತಿಯ ನಲಿಕಲಿ ಪದ್ಧತಿಯಲ್ಲೂ ರಗಸದಅ, ಜವಮಬನ ಇದೇ ಕ್ರಮ. ಅಆಇಈಯಿಂದ ಹೊರಟ್ರೆ 49 ಅಕ್ಷರ ಮುಗಿಯೋತನಕ ಒಂದು ಪದ ಓದಿದ ಸುಖವೂ ಸಿಗಲ್ಲ. ಇದರಲ್ಲಿ ಮೊದಲ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಬರುತ್ತೆ. ಮುಂದಿನ ಐದು ಸೇರಿದ್ರೆ ಮರ, ಜನ, ನಗರ, ಬಸವ. ಬಡಗಿ ಅಂಗಡಿಯ ಹುಡುಗ ಮೊದಲ ದಿನವೇ ‘ಗರಗಸ’ ಓದಿ ಮನೆಗೆ ಹೋದ್ರೆ ಮಾರನೇ ದಿನ ಬರ್ತಾನೆ. ಮೊದಲ ವಾರದ ಗುರಿ ಅಷ್ಟೇ, ಮಾರನೇ ದಿನ ಬರೋದು.

ಲಕೋಟೆಯ ಮಂಡಿ ಚೀಟಿ ಕಸ ಅಂತ ಎಸೀಬೇಡಿ! ಅಡಿಕೆ ದರಪಟ್ಟಿಯಲ್ಲಿರೋ ನಾಲ್ಕು ಹೆಸರು ತಗೊಳ್ಳಿ: ಸರಕು, ರಾಶಿ, ಗೊರಬಲು, ಬೆಟ್ಟೆ. ಕೊಂಬು, ಇಳಿ, ಗುಡಿಸು, ಓತ್ವ, ಏತ್ವ, ಕೊನೆಗೊಂದು ಒತ್ತು. ಕಾಗುಣಿತದ ಮುಖ್ಯ ಚಿಹ್ನೆಗಳೆಲ್ಲ ನಾಲ್ಕು ಪದದಲ್ಲಿ. ಗೋಣಿ ಹೊರೋ ಹುಡುಗನಿಗೆ ಈ ಪದಗಳ ಅರ್ಥ ಹೇಳಿಕೊಡೋದೇ ಬೇಡ. ರೇಷನ್ ಪಟ್ಟಿಯ ಅಕ್ಕಿ, ರಾಗಿ, ಗೋಧಿಯೂ ಹಾಗೇ. ಕರೆಂಟ್ ಬಿಲ್ಲು ಆಮೇಲಿನದು, ಅದರಲ್ಲಿ ‘ದಿನಾಂಕ’, ‘ಮೊತ್ತ’, ‘ಬಾಕಿ’ ಹುಡುಕಿಸೋಕೆ.

ನೋಟ್‌ಬುಕ್ಕಿನ ಗುರುತು: ಅಕ್ಷರ, ಪದ, ವಾಕ್ಯ, ಕಥೆ. ಸೇರಿದ ದಿನ ಯಾರು ಯಾವ ಮೆಟ್ಟಿಲಲ್ಲಿದ್ರು ಅನ್ನೋದು. ಮಕ್ಕಳ ಓದು, ಲೆಕ್ಕ ಅಳೆಯೋ ಅಸರ್ ಸಮೀಕ್ಷೆಯವರ ಹಾಳೆಯೂ ಹೆಚ್ಚುಕಮ್ಮಿ ಇದೇ ಮೆಟ್ಟಿಲಿನದ್ದು. ಅವರು 14ರಿಂದ 18 ವಯಸ್ಸಿನವರನ್ನ 2017ರಲ್ಲೂ 2023ರಲ್ಲೂ ನೋಡಿದಾಗ ನಾಲ್ವರಲ್ಲಿ ಒಬ್ಬರಿಗೆ ಎರಡನೇ ತರಗತಿಯ ಪಾಠ ಸರಾಗವಾಗಿ ಓದೋಕೆ ಬರ್ತಿರಲಿಲ್ಲ. ಅದು ಹಳ್ಳಿಗಳ ಸಮೀಕ್ಷೆ, ಪೇಟೆ ಕೇರಿಗೆ ಅದೇ ಅಂಕಿ ಹಿಡಿಯೋಕಾಗಲ್ಲ. ಆದರೆ ಶಾಲೆಗೆ ಹೋಗಿಯೂ ಓದು ಬಾರದವರು ಇದ್ದಾರೆ ಅನ್ನೋದಕ್ಕೆ ಸಾಕು. ನಿಮ್ಮಲ್ಲಿಗೆ ಬರೋರಲ್ಲೂ ಹೆಚ್ಚಿನವರು ಅಕ್ಷರವೇ ಗೊತ್ತಿಲ್ಲದವರಾಗಿರಲ್ಲ, ಒತ್ತಿನ ಹತ್ತಿರ ಬಂದು ನಿಂತವರಾಗಿರ್ತಾರೆ. ಅದಕ್ಕೇ ಎಲ್ಲರನ್ನೂ ‘ರ’ದಿಂದ ಶುರು ಮಾಡಿಸಬೇಡಿ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಐದು ನಿಮಿಷದಲ್ಲಿ ಮೆಟ್ಟಿಲು ನೋಡಿ, ಅಲ್ಲಿಂದ ಎತ್ತಿಕೊಳ್ಳಿ. ಎಲ್ಲರೆದುರು ಓದಿಸಿ ಪರೀಕ್ಷೆ ಮಾಡಿದ್ರೋ, 19ರ ಹುಡುಗ ಅವತ್ತೇ ಕೊನೆ.

ಅಂಕಿ 38/3 ಅಂದ್ರೆ ಒಂದು ನಿಮಿಷದಲ್ಲಿ ಓದಿದ ಪದ 38, ತಪ್ಪಿದ್ದು 3. ಕೇಂದ್ರ ಸರ್ಕಾರದ ಓದು, ಲೆಕ್ಕದ ಯೋಜನೆ ನಿಪುಣ್ ಭಾರತದಲ್ಲಿ ಮೂರನೇ ತರಗತಿ ಮುಗಿಸೋ ಮಗುವಿಗೆ ಇಟ್ಟಿರೋ ಗುರಿ ಅರ್ಥ ತಿಳಿದು ನಿಮಿಷಕ್ಕೆ 60 ಪದ. ತೀರಾ ನಿಧಾನವಾದ್ರೆ ಸಾಲಿನ ಕೊನೆ ಮುಟ್ಟೋ ಹೊತ್ತಿಗೆ ಮೊದಲು ಓದಿದ್ದು ಮರೆತಿರುತ್ತೆ, ಅದಕ್ಕೇ ವೇಗ ನೋಡೋದು.


ಅಚ್ಚುಮೊಳೆ

ಒತ್ತಿನ ಚೂರಿನ ಬಗ್ಗೆ ಸೀಮೆಸುಣ್ಣ ಅವರು ಬಿಟ್ಟಿದ್ದನ್ನ ಹೇಳ್ತೀನಿ, ಯಾಕಂದ್ರೆ ಅದು ಪಾಠಶಾಲೆಯ ಬುದ್ಧಿ ಅಲ್ಲ, ಅಚ್ಚುಕೂಟದ ಬುದ್ಧಿ. ಮೊಳೆ ಕಾಲದಲ್ಲಿ ಒತ್ತು ಬೇರೆಯದೇ ತುಂಡು. ಮೊಳೆ ಜೋಡಿಸೋರ ಕಣ್ಣಿಗೆ ‘ಅಮ್ಮ’ ಅಂದ್ರೆ ಅ, ಮ, ಮ ಒತ್ತು ಅಂತ ಮೂರು ತುಂಡಾಗೇ ಕಾಣೋದು. ಅದನ್ನೇ ಮೇಷ್ಟ್ರು ರಟ್ಟಿಗೆ ಇಳಿಸಿದ್ದಾರೆ. ಕಾರ್ಡುಗಳ ಕೆಳಅಂಚು ನೋಡಿ, ಬ್ಲೇಡಿನಲ್ಲಿ ಸೀಳಿದ ಗೆರೆ ಇರಬೇಕು. ಒತ್ತಿನ ಚೂರು ಅದರೊಳಗೆ ತೂರಿ ನಿಲ್ಲೋಕೆ.

ಕೆಂಪು ಮಸಿಯ ಆರು ಯಾವುವು ಅಂತ ನೀವು ಬರೆದಿಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತು ಅಲ್ವಾ? ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಉಳಿದವು ಹೆಚ್ಚುಕಮ್ಮಿ ಅದೇ ಅಕ್ಷರ, ತಲೆಕಟ್ಟು ತೆಗೆದು ಚಿಕ್ಕದು ಮಾಡಿದ್ದು. ಗ ಗೊತ್ತಿದ್ದವನಿಗೆ ಗ ಒತ್ತು ಹೇಳಿಕೊಡೋದು ಬೇಡ, ತಾನೇ ಗುರುತಿಸ್ತಾನೆ. ಮ ಒತ್ತನ್ನ ಬಾಯಿಪಾಠ ಮಾಡದೆ ವಿಧಿಯಿಲ್ಲ. ಕಪ್ಪು ಅಂದ್ರೆ ನೋಡಿ ಊಹಿಸು, ಕೆಂಪು ಅಂದ್ರೆ ನೆನಪಿಡು. ದಿನಕ್ಕೊಂದು ಕೆಂಪು ಚೂರು, ಆರೇ ದಿನ. ಈ ಕ್ರಮ ಬಿಟ್ಟು ಎಲ್ಲಾ ಒತ್ತನ್ನೂ ಒಂದೇ ಚಾರ್ಟಿನಲ್ಲಿ ಗೋಡೆಗೆ ಅಂಟಿಸಿದ್ರೆ 34 ಹೊಸ ಅಕ್ಷರ ಕಲೀಬೇಕು ಅನ್ಕೊಂಡು ಹುಡುಗರು ಹೆದರ್ತಾರೆ.

ಕೂಡಿಸೋಕೂ ಕ್ರಮ ಇದೆ. ಮೊದಲು ತನ್ನದೇ ಒತ್ತು: ಅಮ್ಮ, ಅಕ್ಕ, ಹಗ್ಗ, ಕತ್ತೆ, ಹಲ್ಲು. ಆಮೇಲೆ ಬೇರೆ ಅಕ್ಷರದ್ದು: ಪತ್ರ, ರಸ್ತೆ, ಚಕ್ರ. ಅರ್ಕಾವತ್ತು ಕಟ್ಟಕಡೆಗೆ. ಅಲ್ಲಿ ಎಡವೋದು ದಡ್ಡತನದಿಂದಲ್ಲ. ಬಾಯಲ್ಲಿ ರ್ ಮೊದಲು, ಕಾಗದದ ಮೇಲೆ ಅದರ ಗುರುತು ಅಕ್ಷರದ ನಂತರ. ಕಣ್ಣು ಬಂದ ಕ್ರಮದಲ್ಲೇ ಓದುತ್ತೆ, ಹಾಗಾಗಿ ‘ಧರ್ಮ’ ಹೋಗಿ ‘ಧಮರ್’ ಆಗುತ್ತೆ, ‘ತೀರ್ಥಹಳ್ಳಿ’ ಹೋಗಿ ‘ತೀಥರ್‌ಹಳ್ಳಿ’. ಬೈದು ಪ್ರಯೋಜನ ಇಲ್ಲ. ಅವರ ಕೈಯಲ್ಲಿರೋ ಮೊಬೈಲಿನಲ್ಲೇ ‘ತೀರ್ಥ’ ಟೈಪ್ ಮಾಡಿಸಿ. ಕೀಲಿಮಣೆಯಲ್ಲಿ ರ, ಅದಕ್ಕೆ ಅರ್ಧಾಕ್ಷರದ ಗುರುತು, ಆಮೇಲೆ ಥ ಒತ್ತಬೇಕು, ಅಂದ್ರೆ ಬಾಯಿಯ ಕ್ರಮದಲ್ಲೇ. ಥ ಒತ್ತಿದ ತಕ್ಷಣ ರ ಹಾರಿ ಹಿಂದಕ್ಕೆ ಹೋಗೋದು ಪರದೆ ಮೇಲೆ ಕಣ್ಣಿಗೇ ಕಾಣುತ್ತೆ. ನಾಲ್ಕು ಪದ ಹೀಗೆ ಮಾಡಿಸಿದ್ರೆ ವಾರದ ಗೊಂದಲ ಹೋಗುತ್ತೆ.

ಇನ್ನೊಂದು ಎಡವಟ್ಟಿನ ಜಾಗ ‘ಮ’ ಮತ್ತು ‘ವು’. ವ ಪಕ್ಕಕ್ಕೆ ಕೊಂಬು ಬಂದ್ರೆ ಅದು ಮ ಆಗಿಬಿಡುತ್ತೆ, ಅದಕ್ಕೇ ಪ, ಫ, ವ ಮೂರಕ್ಕೂ ಕೊಂಬನ್ನ ಕೆಳಗೆ ಇಳಿಸಿ ಬರೆಯೋದು. ಕಾರಣ ಹೇಳಿದ್ರೆ ನೆನಪಿರುತ್ತೆ, ‘ಹಾಗೇ ಬರೀಬೇಕು’ ಅಂದ್ರೆ ಇರಲ್ಲ.


ಖಾತೆಪುಸ್ತಕ

ದುಡ್ಡಿನ ವಿಷಯಕ್ಕೆ ಬರ್ತೀನಿ, ಅಲ್ಲೇ ಜಗಳ ಆಗೋದು.

ಪ್ರತಿಮೆ ಅನ್ನೋರಿಗೆ ಒಂದು ಮಾತು ತಿಳಿಸಿ. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶ ಮಾಡಿದೆ. ಸರ್ಕಲ್ ಅಂದ್ರೆ ರಸ್ತೆಯೇ. ಅರ್ಜಿ ಹಿಡಿದು ಓಡಾಡಿ, ಅಡ್ವಾನ್ಸ್ ಕೊಟ್ಟ ಮೂರ್ತಿ ಯಾರದೋ ಗೋಡೌನಿನಲ್ಲಿ ಕೂರೋದು ಬೇಡ. ಪುಣ್ಯತಿಥಿಗೆ ಫ್ಲೆಕ್ಸ್ ಅನ್ನೋರಿಗೂ ಹೇಳಿ, ಪ್ಲಾಸ್ಟಿಕ್ ಫ್ಲೆಕ್ಸನ್ನ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಬಟ್ಟೆ ಬ್ಯಾನರ್ ಬರೆಸಿ.

ಬಹುಮಾನದ ಯೋಚನೆ ಕೆಟ್ಟದ್ದಲ್ಲ, ಆದರೆ ಮೇಷ್ಟ್ರ ಕೆಲಸಕ್ಕೆ ಉಲ್ಟಾ. ಅವರು ಕೂತಿದ್ದು ಎಸ್ಸೆಸ್ಸೆಲ್ಸಿ ಮುಟ್ಟದವರ ಜೊತೆ.

64,000ಕ್ಕೆ ಟ್ರಸ್ಟು, ಸಂಘ ಅಂತ ಈಗಲೇ ನೋಂದಣಿ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಸದಸ್ಯರು ಬೇಕು, ವರ್ಷವರ್ಷ ಸಭೆ, ಲೆಕ್ಕ, ಸದಸ್ಯರ ಪಟ್ಟಿ ಸಲ್ಲಿಸಬೇಕು. ನಾಲ್ಕು ಜನ ಪಾಠ ಮಾಡೋರು ಇರೋವಾಗ ಅವರನ್ನ ಅಧ್ಯಕ್ಷ, ಕಾರ್ಯದರ್ಶಿ ಮಾಡಿ ಕೂರಿಸಿದ್ರೆ ಪಾಠ ಮಾಡೋರು ಯಾರು? ಒಂದು ವರ್ಷ ಹಾಗೇ ನಡೆಸಿ. ಹಣ ಒಬ್ಬರ ಸ್ವಂತ ಖಾತೆಯಲ್ಲಿ ಬೇಡ, ಇಬ್ಬರ ಜಂಟಿ ಖಾತೆ, ಇಬ್ಬರ ಸಹಿ. ಪ್ರತಿ ತಿಂಗಳ ಐದನೇ ತಾರೀಕು ಖರ್ಚಿನ ಚೀಟಿ ಕೋಣೆ ಗೋಡೆಗೆ.

ಅಂದಾಜು: ಎರಡು ಗೋಡೆಗೆ ರ‍್ಯಾಕು, ಎರಡು ಉದ್ದ ಬೆಂಚು, ಟ್ಯೂಬ್‌ಲೈಟು, ಕಪ್ಪು ಹಲಗೆ ಇಷ್ಟಕ್ಕೆ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಕಾರ್ಡಿಗೆ ಖರ್ಚೇ ಇಲ್ಲ. 22 ಇಂಚಿಗೆ 28 ಇಂಚಿನ ಒಂದು ಡ್ರಾಯಿಂಗ್ ಶೀಟಿನಲ್ಲಿ 4ಕ್ಕೆ 3 ಇಂಚಿನ 49 ಕಾರ್ಡು ಬರುತ್ತೆ. ಮೊದಲ ಹತ್ತಕ್ಷರದ ನಾಲ್ಕು ಸೆಟ್ಟಿಗೆ ಒಂದೇ ಶೀಟು ಸಾಕು, ಒಂಬತ್ತು ಕಾರ್ಡು ಉಳಿಯುತ್ತೆ. ಉಳಿದ ಹಣ ಕರೆಂಟಿಗೆ, ಪೇಪರಿಗೆ, ಸಂಜೆ ಚಹಾ ಮಂಡಕ್ಕಿಗೆ. ಚಹಾ ದುಂದುವೆಚ್ಚ ಅಂತ ಸಮಿತಿಯಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಎಂಟು ಗಂಟೆ ಗೋಣಿ ಹೊತ್ತವನನ್ನ ಖಾಲಿ ಹೊಟ್ಟೆಯಲ್ಲಿ ಕೂರಿಸಿ ಅರ್ಕಾವತ್ತು ಕಲಿಸಿ ನೋಡಿ ಅನ್ನಿ.


ತುಂಗೆದಂಡೆ

ಕೆಂಪು ಚೂರು ತ ನ ಮ ಯ ರ ಲ, ಹೌದು! ಕಾರ್ಡಿನ ಅಂಚಿನಲ್ಲಿ ಸೀಳೂ ಇದೆ, ಕೊಳೆ ಕೂತು ಕಾಣ್ತಿರಲಿಲ್ಲ. ಪ್ರತಿಮೆಯವರಿಗೆ ಕೋರ್ಟಿನ ವಿಷಯ ಹೇಳಿದ್ಮೇಲೆ ಸ್ವಲ್ಪ ಮೆತ್ತಗಾದ್ರು.

ಇನ್ನು ಮೂರು ಸಂಶಯ. ಕೇರಿಯಲ್ಲಿ ಉರ್ದು, ತಮಿಳು, ಲಂಬಾಣಿ ಮಾತಾಡೋ ಮನೆಗಳೂ ಇವೆ, ಅವರಿಗೆ ಬೇರೆ ಕ್ರಮ ಬೇಕಾ? ಯಾವ ಹೊತ್ತು, ಎಷ್ಟು ಜನ? ಒದ್ದೆ ಗೋಡೆ ಕೋಣೆಯಲ್ಲಿ ಪುಸ್ತಕ ಇಡಬಹುದಾ?


ಸೀಮೆಸುಣ್ಣ

ಕ್ರಮ ಬೇರೆ ಬೇಡ, ತಿದ್ದೋ ರೀತಿ ಬೇರೆ ಬೇಕು. ಮನೆಯಲ್ಲಿ ಉರ್ದು ಆಡೋರಿಗೆ ಳ, ಣ ನಾಲಿಗೆಗೆ ಸಿಗಲ್ಲ. ‘ಹಳ್ಳಿ’ ಓದಿದ್ರೆ ‘ಹಲ್ಲಿ’ ಕೇಳಿಸುತ್ತೆ. ತಮಿಳಿನವರಿಗೆ ಕ ಗ, ಪ ಬ ಬರಹದಲ್ಲಿ ಬೇರೆ ಬೇರೆ ಅನ್ನೋದೇ ಹೊಸದು, ಅವರ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಕನ್ನಡದ ಮನೆಗಳಲ್ಲೂ ‘ಹಾಲು’ ‘ಆಲು’ ಆಗೋದು ಕೇಳಿದ್ದೀರಿ. ಇವೆಲ್ಲ ಉಚ್ಚಾರಣೆ, ಓದಿನ ತಪ್ಪಲ್ಲ. ಕಾರ್ಡು ತೋರಿಸಿ ‘ಗೋಡೆ ಮೇಲೆ ಹರಿಯೋದು ಯಾವುದು, ಜನ ಇರೋದು ಯಾವುದು’ ಅಂತ ಕೇಳಿ. ಸರಿಯಾದ ಕಾರ್ಡು ಎತ್ತಿದ್ರೆ ಓದು ಬಂದಿದೆ. ನಾಲಿಗೆ ತಿದ್ದೋಕೆ ಹೋಗಿ ನಗಾಡಿದ್ರೆ ಆ ಮನೆಯ ಮೂರು ಜನ ಒಟ್ಟಿಗೆ ಬಿಡ್ತಾರೆ.

ಹೊತ್ತು: ಗ್ಯಾರೇಜು, ಮಂಡಿ ಹುಡುಗರಿಗೆ ರಾತ್ರಿ 7.30ರಿಂದ 8.20. ಹುಡುಗಿಯರಿಗೆ ಆ ಹೊತ್ತು ಆಗಲ್ಲ, ಮಧ್ಯಾಹ್ನ 4ಕ್ಕೆ ಇನ್ನೊಂದು ತಂಡ, ಕಲಿಸೋರು ಹೆಂಗಸರಾದ್ರೆ ಒಳ್ಳೇದು. ತಂಡಕ್ಕೆ ಆರು ಜನ, ಮೂವರಿಗೊಬ್ಬರು ಕಲಿಸೋರು. ಮೊದಲ 5 ನಿಮಿಷ ನಿನ್ನೆಯ ಕಾರ್ಡು, 10 ನಿಮಿಷ ಹೊಸದು, 15 ನಿಮಿಷ ಕಾರ್ಡು ಜೋಡಿಸಿ ಪದ ಕಟ್ಟೋದು, 15 ನಿಮಿಷ ಲಕೋಟೆಯ ಕಾಗದ ಅಥವಾ ಪೇಪರಿನ ತಲೆಬರಹ, ಕೊನೆಗೆ 5 ನಿಮಿಷ ಒಂದೇ ಒಂದು ವಾಕ್ಯ ಬರೆಯೋದು. ವಾರಕ್ಕೆ ಐದು ದಿನ ಹೀಗೆ 26 ವಾರ ಹೋದ್ರೆ 108 ಗಂಟೆ ಮೇಲಾಗುತ್ತೆ.

ಬಿಡೋರು ಬಿಡೋದು ಸಾಮಾನ್ಯವಾಗಿ ಎರಡು ಕಡೆ. ಕಾಗುಣಿತ ಶುರುವಾದ ಮೂರನೇ ವಾರ ಒಂದು, ಅಡಿಕೆ ಕೊಯ್ಲಿನ ಕಾಲ ಇನ್ನೊಂದು. ಮೂರನೇ ವಾರಕ್ಕೆ ಮದ್ದು ಮಂಡಿ ಚೀಟಿ, ಹೊಸ ಚಿಹ್ನೆ ಕಲಿತ ದಿನವೇ ಅದಿರೋ ಒಂದು ನಿಜವಾದ ಪದ ಓದಿಸಿಬಿಡಿ. ಕೊಯ್ಲಿಗೆ ಮದ್ದಿಲ್ಲ. ಆ ಎರಡು ಮೂರು ತಿಂಗಳು ಮಂಡಿ ಹುಡುಗರಿಗೆ ಭಾನುವಾರ ಮಾತ್ರ ಅಂತ ಮೊದಲೇ ಹೇಳಿ, ಹಾಜರಿ ಹಿಡಿದು ಗದರಬೇಡಿ.

ಬಾಗಿಲಿಗೆ ‘ಸಾಕ್ಷರತಾ ಕೇಂದ್ರ’ ಅಂತ ಬೋರ್ಡು ಬೇಡ. ಆ ಬೋರ್ಡಿನ ಕೆಳಗೆ ಹೋಗೋದನ್ನ ಗೆಳೆಯರು ನೋಡಿದ್ರೆ ಯಾವ ಹುಡುಗನೂ ಬರಲ್ಲ. ‘ಓದೋ ಕೋಣೆ’ ಸಾಕು. ಕಲಿಯೋರ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ. ಎಂಟು ವರ್ಷದ ಮಕ್ಕಳ ಟ್ಯೂಷನ್ನನ್ನ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿ ಇಡಬೇಡಿ, ತನಗಿಂತ ಚೆನ್ನಾಗಿ ಓದೋ ಪುಟ್ಟ ಹುಡುಗಿಯ ಪಕ್ಕ 20ರವನು ಕೂರಲ್ಲ. ಹದಿನಾಲ್ಕು ತುಂಬದವರು ಬಂದ್ರೆ ಅವರ ಜಾಗ ಶಾಲೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು, ಮೊದಲು ಅದನ್ನ ಮಾಡಿಸಿ.

ಕಲಿಸೋ ಮೊದಲು ಕಣ್ಣು. ಕಾರ್ಡು ಮೂಗಿಗೆ ಹಿಡಿಯೋರು, ಹಲಗೆ ನೋಡುವಾಗ ಕಣ್ಣು ಕಿರಿದು ಮಾಡೋರು, ಇವರನ್ನ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿ. ‘ತಲೆಗೆ ಹತ್ತಲ್ಲ’ ಅನ್ನಿಸಿಕೊಂಡವರಲ್ಲಿ ಬರೀ ಕನ್ನಡಕ ಬೇಕಾಗಿದ್ದವರೂ ಇರ್ತಾರೆ.

15 ತುಂಬಿದವರಿಗೆ ಉಲ್ಲಾಸ್ ಅಂತ ಸರ್ಕಾರದ ಸಾಕ್ಷರತಾ ಕಾರ್ಯಕ್ರಮ ಇದೆ, 2022ರಿಂದ 2027ರವರೆಗಿನದ್ದು. ಪರೀಕ್ಷೆ ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ಪಾಸಾದ್ರೆ ಪ್ರಮಾಣಪತ್ರ. ಎಸ್ಸೆಸ್ಸೆಲ್ಸಿಗೆ ಸಮ ಅಲ್ಲ, ಹಾಗಂತ ಆಸೆ ಹುಟ್ಟಿಸಬೇಡಿ. ಡ್ರೈವಿಂಗ್ ಲೈಸೆನ್ಸಿಗೆ ಎಂಟನೇ ಕ್ಲಾಸ್ ಬೇಕು ಅಂತ ಇನ್ನೂ ನಂಬಿರೋರು ತುಂಬಾ ಜನ. ಸಾರಿಗೆ ವಾಹನಕ್ಕಿದ್ದ ಆ ಷರತ್ತನ್ನ 2019ರಲ್ಲೇ ತೆಗೆದಿದ್ದಾರೆ. ಎಲ್ಲೆಲ್ (ಕಲಿಕಾ ಲೈಸೆನ್ಸ್) ಪರೀಕ್ಷೆ ಕನ್ನಡದಲ್ಲೇ ಬರೀಬಹುದು, ಆದರೆ ಪರದೆ ಮೇಲಿನ ಪ್ರಶ್ನೆಯನ್ನ ಸಮಯದೊಳಗೆ ಓದಬೇಕು. ಆಟೋ ಓಡಿಸೋ ಆಸೆಯವನಿಗೆ ಇದಕ್ಕಿಂತ ದೊಡ್ಡ ಪಠ್ಯಪುಸ್ತಕ ಇಲ್ಲ.


ಘಾಟಿಮಳೆ

ಪುಸ್ತಕದ ಬಗ್ಗೆ. ಒದ್ದೆ ಗೋಡೆಗೆ ರ‍್ಯಾಕು ತಾಗಿಸಲೇಬೇಡಿ, ನಾಲ್ಕು ಇಂಚು ಜಾಗ ಬಿಡಿ, ನೆಲದಿಂದ ಆರು ಇಂಚು ಮೇಲೆ. ಗಾಜಿನ ಬಾಗಿಲಿನ ಕಪಾಟು ಚಂದ ಕಾಣುತ್ತೆ, ಮಲೆನಾಡಿನಲ್ಲಿ ಅದೇ ಶತ್ರು. ಗಾಳಿ ಆಡದೆ ಜುಲೈ ಮುಗಿಯೋಷ್ಟರಲ್ಲಿ ಬೆನ್ನಿಗೆಲ್ಲ ಬೂಷ್ಟು. ಕಬ್ಬಿಣದ ಬೀರು ಒಳಗೇ ಬೆವರುತ್ತೆ. ಹಿಂದೆ ಕಪಾಟಿನೊಳಗೆ 40 ವ್ಯಾಟಿನ ಬಲ್ಬು ಉರಿಸಿ ಬೆಚ್ಚಗಿಡ್ತಿದ್ರು, ಈಗ ಅದೇ ಉಪಾಯ ಅಂತ ಎಲ್ಇಡಿ ಹಾಕ್ತಾರೆ. ಎಲ್ಇಡಿಗೆ ಆ ಬಿಸಿ ಇಲ್ಲ, ಬೆಳಕಷ್ಟೇ. ತೆರೆದ ರ‍್ಯಾಕು, ಪುಸ್ತಕ ಸಡಿಲವಾಗಿ, ಒಣ ದಿನ ಕಿಟಕಿ ತೆಗೆದು ಫ್ಯಾನು ಹಾಕಿ. ಬೂಷ್ಟು ಬಂದದ್ದನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತೆ. ಬೇರೆ ಇಟ್ಟು ಒಣಗಿಸಿ, ಹೊರಗೆ ತಂದು ಒಣ ಬ್ರಷ್ಷಿನಲ್ಲಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೈಂಡಿಗೆ ಪ್ಲಾಸ್ಟಿಕ್ ಬೇಡ, ತೇವ ಒಳಗೇ ಉಳಿಯುತ್ತೆ, ಖಾಕಿ ಕಾಗದ ಸಾಕು. ಸಂದಿಯಲ್ಲಿ ಬಜೆ, ಬೇವಿನ ಸೊಪ್ಪು ಇಡೋ ಪದ್ಧತಿ ಇದೆ. ಬೇವು ಒಣಗಿದ್ದೇ ಇಡಿ, ಹಸಿಯದ್ದು ತಾನೇ ಬೂಷ್ಟು ಹಿಡಿಯುತ್ತೆ.

ಸಾವಿರ ಪುಸ್ತಕ ದಾನ ತಗೋಬೇಡಿ. ಗೈಡು, ಹಳೇ ಡೈರಿ, ಬೈಬಲ್ಲಿನಷ್ಟು ದಪ್ಪದ ಅಭಿನಂದನಾ ಗ್ರಂಥ, ಇವೇ ಬರೋದು. ನೂರೈವತ್ತು ತೆಳು ಪುಸ್ತಕ ಆರಿಸಿ ತನ್ನಿ, 32 ಪುಟ ಮೀರದ್ದು. ಕನ್ನಡ ಪುಸ್ತಕ ಪ್ರಾಧಿಕಾರದ್ದು ಕಡಿಮೆ ಬೆಲೆಗೆ ಸಿಗುತ್ತೆ. ಸ್ಟೋರಿವೀವರ್ ಅನ್ನೋ ಜಾಲತಾಣದಲ್ಲಿ ನಾಲ್ಕು ಮಟ್ಟದ ಕನ್ನಡ ಕಥೆಗಳು ಉಚಿತ, ಇಳಿಸಿಕೊಂಡು ಅಚ್ಚು ಹಾಕಬಹುದು. ಅವು ಮಕ್ಕಳ ಚಿತ್ರಪುಸ್ತಕ, ಹಾಗೇ ಕೊಟ್ರೆ ದೊಡ್ಡ ಹುಡುಗರಿಗೆ ಅವಮಾನ ಅನ್ಸುತ್ತೆ. ಕಥೆ ಹೇಳಿದವರ ಹೆಸರು, ಪರವಾನಗಿ ಸಾಲು ಉಳಿಸಿ, ಪಠ್ಯ ಮಾತ್ರ ದೊಡ್ಡಕ್ಷರದಲ್ಲಿ ತೆಗೀರಿ. ನಗರ ಕೇಂದ್ರ ಗ್ರಂಥಾಲಯವನ್ನೂ ಮರೀಬೇಡಿ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಎಲ್ಲರೂ ಕಟ್ತಿದ್ದೀವಿ. ‘ಕ’ ಮೆಟ್ಟಿಲಿಗೆ ಬಂದವರನ್ನ ಕರ್ಕೊಂಡು ಹೋಗಿ ಸದಸ್ಯತ್ವ ಮಾಡಿಸಿ.

ಒಂದು ಭಿನ್ನಾಭಿಪ್ರಾಯ. ನಿಮಿಷಕ್ಕೆ ಇಷ್ಟು ಪದ ಅನ್ನೋ ಲೆಕ್ಕ ಕನ್ನಡಕ್ಕೆ ಅಷ್ಟು ಹೊಂದಲ್ಲ. ‘ಮನೆ’ಯೂ ಒಂದು ಪದ, ‘ಮನೆಯಲ್ಲಿರುವವರಿಗೆ’ಯೂ ಒಂದು ಪದ. ಪೇಪರಿನ ಸುದ್ದಿ ಓದಿಸಿದ ವಾರ ಅಂಕಿ ಬಿದ್ದುಹೋಗುತ್ತೆ, ಹುಡುಗ ಹಿಂದೆ ಬಿದ್ದ ಅಂತ ತಪ್ಪು ತಿಳೀತೀರಿ.


ಸೀಮೆಸುಣ್ಣ

ಘಾಟಿಮಳೆ ಅವರ ಮಾತು ಸರಿ. ಒಬ್ಬೊಬ್ಬರಿಗೂ ತಿಂಗಳಿಗೊಮ್ಮೆ, ಒಂದೇ ತರದ ಭಾಷೆಯ ಸುಮಾರು 100 ಪದದ ಹಾಳೆ ಓದಿಸಿ, ಅದನ್ನ ಅದಕ್ಕೆ ಮಾತ್ರ ಹೋಲಿಸಿ. ಅಥವಾ ಪದ ಬಿಟ್ಟು ಅಕ್ಷರ ಎಣಿಸಿ, ಕಾಗುಣಿತ ಒತ್ತು ಸೇರಿ ಒಂದು ಅಂತ. ಓದಿ ಮುಗಿದ ಮೇಲೆ ‘ಏನಾಯ್ತಂತೆ?’ ಅಂತ ಒಂದು ಪ್ರಶ್ನೆ ಕೇಳೋದು ಮಾತ್ರ ತಪ್ಪಿಸಬೇಡಿ.


ಅಚ್ಚುಮೊಳೆ

ಕೊನೆಗೊಂದು ತುರ್ತಿನ ಮಾತು. ಮೂಲ ಕಾರ್ಡನ್ನ ಪಾಠಕ್ಕೆ ಬಳಸಬೇಡಿ, ಸೀಳಿದ ಅಂಚು ಹರೀತಾ ಬಂದಿರುತ್ತೆ. ಮೊದಲು ಎಲ್ಲವನ್ನೂ, ನೋಟ್‌ಬುಕ್ಕಿನ ಪುಟಗಳನ್ನೂ, 300 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಸಿ. ನೋಟ್‌ಬುಕ್ಕಿನದ್ದು ಯಾರಿಗೂ ಹಂಚಬೇಡಿ. ಮೊದಲಕ್ಷರ ನೋಡಿದ್ರೇ ಕೇರಿಯವರಿಗೆ ಯಾರು ಅಂತ ಗೊತ್ತಾಗುತ್ತೆ, ಅವರಲ್ಲಿ ಕೆಲವರು ಇವತ್ತು ಮಕ್ಕಳ ತಂದೆತಾಯಿ.

ನಕಲಿಗೆ 300 ಜಿಎಸ್ಎಂ ರಟ್ಟು, ಅಕ್ಷರ ಎರಡಿಂಚು, ಚೂಪು ತುದಿಯದ್ದಲ್ಲ, ಚಪ್ಪಟೆ ತುದಿಯ ಮಾರ್ಕರ್. ಸೀಳು ಕೆಳಅಂಚಿನಿಂದ ಕಾಲಿಂಚು ಮೇಲೆ, ಒಂದಿಂಚು ಉದ್ದ, ಎರಡೂ ತುದಿಗೆ ಸೆಲೋಟೇಪಿನ ಚೂರು, ಇಲ್ಲಾಂದ್ರೆ ವಾರದಲ್ಲಿ ಹರಿಯುತ್ತೆ. ಓದೋ ಹಾಳೆಗಳನ್ನ ಕಂಪ್ಯೂಟರಿನಲ್ಲಿ ಮಾಡೋದಾದ್ರೆ 18 ಪಾಯಿಂಟು, ಸಾಲಿನ ಅಂತರ ಒಂದೂವರೆ. ಅಂತರ ಕಡಿಮೆಯಾದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಹೊಸಬರಿಗೆ ಎರಡೂ ಓದೋಕಾಗಲ್ಲ. ವಿಂಡೋಸಿನ ತುಂಗಾ ಫಾಂಟಿನಲ್ಲಿ ಒಮ್ಮೆ, ನೋಟೊದಲ್ಲಿ ಒಮ್ಮೆ ಅಚ್ಚು ಹಾಕಿ ನೋಡಿ, ಯಾವುದರಲ್ಲಿ ಒತ್ತು ಚೆನ್ನಾಗಿ ಬಿಡಿಸಿ ಕಾಣುತ್ತೋ ಅದನ್ನೇ ಇಟ್ಕೊಳ್ಳಿ. ತುಂಗೆದಂಡೆಯವರಿಗೆ ಹೆಸರಿನ ಮೋಹ ಇರಬಹುದು, ಆದರೂ ಹೇಳ್ತಿದ್ದೀನಿ.

ಬಸ್ ಬೋರ್ಡಿನ ಪಟ್ಟಿ ನಕಲಿಸುವಾಗ ಹಿಂದಿನ ಅಂಕಿಯನ್ನೂ ಬರೀರಿ, 1ರಿಂದ 7.